ತಾತನ ಕ್ಷೌರದ ಕತ್ತಿ: ಮುಂಗೈ ಕೂದಲು ತೆಗೆಯುತ್ತದೆ, ಗಡ್ಡವನ್ನು ಮಾತ್ರ ಎಳೆಯುತ್ತದೆ

ಪ್ರಶ್ನೆ

ನಮ್ಮ ತಾತ ಊರಿನಲ್ಲಿ ಕ್ಷೌರ ವೃತ್ತಿ ಮಾಡುತ್ತಿದ್ದವರು. ಅವರ ಹಡಪದಲ್ಲಿ ಉಳಿದಿದ್ದ ಮಡಚುವ ಕತ್ತಿಯೊಂದು ಈಗ ನನ್ನ ಕೈಗೆ ಬಂದಿದೆ. ಅಲಗಿನ ಬುಡದಲ್ಲಿ ‘ಸೋಲಿಂಗೆನ್, ಜರ್ಮನಿ’ ಎಂಬ ಅಚ್ಚಿದೆ. ಅಲಗಿನ ಅಗಲ 16 ಮಿಲಿಮೀಟರ್. ಅಲ್ಲಲ್ಲಿ ತುಕ್ಕಿನ ಕಲೆಗಳಿವೆಯಾದರೂ ಬಾಯಿ ಎಲ್ಲಿಯೂ ಮುಕ್ಕಾಗಿಲ್ಲ. ಅಡುಗೆಮನೆಯ ಚಾಕುಗಳಿಗೆಂದು ತಂದಿದ್ದ 3000 ಗ್ರಿಟ್‌ನ ಕಲ್ಲಿನ ಮೇಲೆ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ) ಮೊದಲು, ಆಮೇಲೆ 8000 ಗ್ರಿಟ್‌ನ ಕಲ್ಲಿನ ಮೇಲೆ ಒಟ್ಟು ಒಂದು ಗಂಟೆ ಮಸೆದು, ಕೊನೆಗೆ ಚರ್ಮದ ಪಟ್ಟಿಯ ಮೇಲೂ ಎಳೆದೆ. ಮುಂಗೈ ಕೂದಲನ್ನು ಸಲೀಸಾಗಿ ತೆಗೆಯುವ ಈ ಕತ್ತಿ, ನೊರೆ ಹಚ್ಚಿದ ಕೆನ್ನೆಯ ಮೇಲೆ ಇಟ್ಟೊಡನೆ ಕೂದಲನ್ನು ಹಿಡಿದು ಎಳೆಯುತ್ತದೆ. ದೋಷ ಉಕ್ಕಿನಲ್ಲಿದೆಯೋ, ನನ್ನ ಮಸೆತದಲ್ಲಿದೆಯೋ ತಿಳಿಯುವುದು ಹೇಗೆ? ತಾತನ ನೆನಪಿನ ವಸ್ತುವಾದ್ದರಿಂದ ಇನ್ನಷ್ಟು ಸವೆಸಿ ಕೆಡಿಸಲು ಮನಸ್ಸು ಬರುತ್ತಿಲ್ಲ.

ಉತ್ತರ 1

ನಾನು ಇದೇ ಕಸುಬಿನಲ್ಲಿ ಬೆಳೆದವನು. ಬ್ಲೇಡನ್ನು ಅರ್ಧಕ್ಕೆ ಮುರಿದು ಸಿಕ್ಕಿಸುವ ಕತ್ತಿ ನಮ್ಮ ಅಂಗಡಿಗೆ ಬರುವವರೆಗೂ ದಿನ ಬೆಳಗಾದರೆ ಕಲ್ಲಿನ ಮುಂದೆ ಕೂರುತ್ತಿದ್ದೆ. ಮುಂಗೈ ಕೂದಲಿನ ಪರೀಕ್ಷೆಯನ್ನು ದಯವಿಟ್ಟು ನಂಬಬೇಡಿ. 1000 ಗ್ರಿಟ್‌ನ ಒರಟು ಕಲ್ಲಿನಿಂದ ಆಗಷ್ಟೇ ಎತ್ತಿದ ಕತ್ತಿಯೂ ಆ ಕೂದಲನ್ನು ತೆಗೆಯುತ್ತದೆ, ಆದರೆ ಅದನ್ನು ಯಾರ ಮುಖಕ್ಕೂ ಹಿಡಿಯುವಂತಿಲ್ಲ.

ಕತ್ತಿಯ ಬಾಯಿಯೆಂದರೆ ಎರಡು ಬದಿಯ ಇಳಿಜಾರುಗಳು ಬಂದು ಸೇರುವ ಗೆರೆ. ಬುಡದಿಂದ ತುದಿಯವರೆಗೆ ಎಲ್ಲಿಯೂ ಬಿಡದಂತೆ ಅವು ಕೂಡಿದ್ದರೆ ಮಾತ್ರ ನಯವಾದ ಕಲ್ಲಿಗೆ ಕೆಲಸ ಉಂಟು. ಕೂಡದ ಬಾಯಿಯನ್ನು 8000ದ ಮೇಲೆ ಎಷ್ಟು ಹೊತ್ತು ಉಜ್ಜಿದರೂ ಹೊಳಪು ಬರುತ್ತದೆಯೇ ಹೊರತು ಹರಿತ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಆಗಿರುವುದು ಇದೇ ಎಂದು ನನಗೆ ಅನ್ನಿಸುತ್ತದೆ.

ಇದನ್ನು ಕಣ್ಣಿನಿಂದಲೇ ನೋಡಬಹುದು. ಬಾಯಿ ಮೇಲೆ ಬರುವಂತೆ ಕತ್ತಿಯನ್ನು ದೀಪದ ಕೆಳಗೆ ಹಿಡಿದು, ನಿಧಾನವಾಗಿ ಅತ್ತಿತ್ತ ವಾಲಿಸಿ. ಹರಿತವಾದ ಬಾಯಿಯಿಂದ ಬೆಳಕು ಮರಳಿ ಬರುವುದಿಲ್ಲ. ಬರಿಯ ಕಪ್ಪು ಗೆರೆ ಕಾಣುತ್ತದೆ. ಎಲ್ಲಿಯಾದರೂ ಬಿಳಿಯ ಎಳೆಯೊಂದು ಮಿನುಗಿದರೆ ಅಲ್ಲಿ ಅಂಚು ಇನ್ನೂ ಚಪ್ಪಟೆಯಾಗಿದೆ ಎಂದು ತಿಳಿಯಿರಿ. ಇನ್ನೊಂದು ಉಪಾಯವೆಂದರೆ, ಇಳಿಜಾರಿಗೆ ಅಳಿಸದ ಮಾರ್ಕರ್ ಪೆನ್ನಿನಿಂದ ಮಸಿ ಬಳಿದು ಕಲ್ಲಿನ ಮೇಲೆ ಒಂದೆರಡು ಸಲ ಎಳೆದು ನೋಡುವುದು. ಮಸಿ ಉಳಿದಲ್ಲಿ ಕಲ್ಲು ಮುಟ್ಟಿಲ್ಲ.

ಆದ್ದರಿಂದ 1000ಕ್ಕೆ ಹಿಂತಿರುಗಿ. ಮೊದಲು ಕಲ್ಲು ಸಮತಟ್ಟಾಗಿದೆಯೇ ನೋಡಿಕೊಳ್ಳಿ, ಏಕೆಂದರೆ ಚಾಕು ಮಸೆದ ಕಲ್ಲು ನಡುವೆ ತಗ್ಗಿರುತ್ತದೆ. ಪೆನ್ಸಿಲ್ಲಿನಿಂದ ಚೌಕಳಿ ಗೀಚಿ, ಗಾಜಿನ ಮೇಲೆ ಹಾಸಿದ ನೀರುಕಾಗದದ (ನೀರು ಹಾಕಿ ಬಳಸುವ ಉಜ್ಜುಕಾಗದ) ಮೇಲೆ ಗೆರೆಗಳೆಲ್ಲ ಅಳಿಯುವವರೆಗೆ ಉಜ್ಜಿ. ಮಸೆಯುವಾಗ ಕತ್ತಿಯ ಬೆನ್ನು ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು, ಬಾಯಿ ಮುಂದಾಗಿ ಸಾಗಬೇಕು, ಹೊರಳಿಸುವಾಗ ಬೆನ್ನಿನ ಮೇಲೆ ಹೊರಳಿಸಬೇಕು. ಕತ್ತಿಯ ಭಾರವೇ ಸಾಕು. ಒತ್ತಿದರೆ ತೆಳ್ಳನೆಯ ಅಲಗು ಬಾಗಿ, ಬಾಯಿಯೇ ಕಲ್ಲಿನಿಂದ ಮೇಲೇಳುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹಳೆಯ ಕತ್ತಿಗಳನ್ನು ಸಂಗ್ರಹಿಸುವವನಾದ್ದರಿಂದ ಗುಣಮಟ್ಟದ ಬಗ್ಗೆ ಎರಡು ಮಾತು ಸೇರಿಸುತ್ತೇನೆ.

ಚಾಕು-ಕತ್ತಿಗಳಿಗೆ ಹೆಸರಾದ ಊರು ಸೋಲಿಂಗೆನ್. ಆ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆಯಿದೆ. ಆದರೂ ಅಚ್ಚನ್ನು ನೋಡಿ ಕತ್ತಿಯನ್ನು ಅಳೆಯಬಾರದು. ಅದನ್ನು ಬಳಸಿದವರು ಹೇಗೆ ನೋಡಿಕೊಂಡರು ಎಂಬುದೇ ದೊಡ್ಡದು. ನಾನು ಮೊದಲು ನೋಡುವುದು ಬೆನ್ನನ್ನು. ಪ್ರತಿ ಮಸೆತದಲ್ಲಿಯೂ ಬೆನ್ನು ಬಾಯಿಯ ಜೊತೆಗೇ ಸವೆಯುವುದರಿಂದ ಅಲ್ಲಿ ಸಣ್ಣದೊಂದು ಚಪ್ಪಟೆ ಪಟ್ಟಿ ಮೂಡಿರುತ್ತದೆ. ಆ ಪಟ್ಟಿ ಎರಡೂ ಬದಿಯಲ್ಲಿ ಕಿರಿದಾಗಿ, ಒಂದೇ ಅಗಲವಾಗಿ ಇದ್ದರೆ ಕತ್ತಿ ಒಳ್ಳೆಯ ಕೈಯಲ್ಲಿ ಬಾಳಿದೆ ಎಂದರ್ಥ. ಇದು ಬರಿಯ ಅಂದದ ಮಾತಲ್ಲ. 16 ಮಿಲಿಮೀಟರ್ ಅಗಲದ ಅಲಗಿಗೆ ಬೆನ್ನಿನ ದಪ್ಪ 4.5 ಮಿಲಿಮೀಟರ್ ಇದ್ದರೆ ಬಾಯಿಯ ಕೋನ ಸುಮಾರು 16 ಡಿಗ್ರಿ ಆಗುತ್ತದೆ. ಬೆನ್ನು ಅತಿಯಾಗಿ ಸವೆದರೆ ಕೋನ ಕಿರಿದಾಗಿ ಬಾಯಿ ಬಲಹೀನವಾಗುತ್ತದೆ. ಹಾಗಿದ್ದಲ್ಲಿ ಬೆನ್ನಿಗೆ ಒಂದು ಸುತ್ತು ಇನ್ಸುಲೇಶನ್ ಟೇಪ್ ಅಂಟಿಸಿ ಮಸೆದರೆ ಸುಮಾರು ಒಂದು ಡಿಗ್ರಿ ಮರಳಿ ಸಿಗುತ್ತದೆ, ತಾತನ ಕತ್ತಿಯ ಬೆನ್ನೂ ಉಳಿಯುತ್ತದೆ.

ತುಕ್ಕಿನ ವಿಷಯದಲ್ಲಿ, ಅಲಗಿನ ನಡುವಿನ ಕಲೆಗಳಿಗೆ ಹೆದರಬೇಕಾಗಿಲ್ಲ. ಬಾಯಿಯ ಹತ್ತಿರ ಗುಳಿ ಬಿದ್ದಿದ್ದರೆ ಮಾತ್ರ, ಮಸೆದಂತೆಲ್ಲ ಆ ಗುಳಿ ಅಂಚಿಗೆ ಬಂದು ಅಲ್ಲಿ ಚೂರು ಉದುರುತ್ತದೆ. ನೀಲಿ ಬಣ್ಣದ ಛಾಯೆ ಕಂಡರೆ ಇನ್ನೂ ಕೆಟ್ಟದ್ದು: ಯಾರೋ ಒಣ ಸಾಣೆಚಕ್ರಕ್ಕೆ ಹಿಡಿದು ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿಸಿದ್ದಾರೆ, ಉಕ್ಕಿನ ಹದ ಅಲ್ಲಿ ಹೋಗಿದೆ. ನಾನೊಮ್ಮೆ ಪೇಟೆಯ ಚಾಕು ಸಾಣೆಯವರೊಬ್ಬರಿಗೆ ಕೊಟ್ಟು ಇಂಥದ್ದೇ ಒಂದು ಕತ್ತಿಯನ್ನು ಕಳೆದುಕೊಂಡೆ. ದಯವಿಟ್ಟು ಚಕ್ರದ ಹತ್ತಿರ ಒಯ್ಯಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನೀಲಿ ಬಣ್ಣ ಎಲ್ಲಿಯೂ ಇಲ್ಲ. ದೀಪದ ಕೆಳಗೆ ಹಿಡಿದಾಗ ಬುಡದ ಕಡೆ ಎರಡು ಸೆಂಟಿಮೀಟರಿನಷ್ಟು ಉದ್ದಕ್ಕೆ ಬಿಳಿಯ ಎಳೆ ಸ್ಪಷ್ಟವಾಗಿ ಕಂಡಿತು, ಮಸಿಯೂ ಅಲ್ಲಿಯೇ ಉಳಿಯಿತು. ಟೇಪ್ ಅಂಟಿಸಿ 1000ದ ಮೇಲೆ ಮಸೆದು ಆ ಎಳೆ ಮಾಯವಾದ ಮೇಲೆ 3000 ಮತ್ತು 8000ಕ್ಕೆ ಹೋದೆ. ಕೆನ್ನೆಯ ಮೇಲೆ ಈಗ ಸದ್ದಿಲ್ಲದೆ ಸಾಗುತ್ತದೆ. ಗದ್ದದ ಮೇಲೆ ಮಾತ್ರ ಇನ್ನೂ ಸ್ವಲ್ಪ ಹಿಡಿಯುತ್ತದೆ.

ಉತ್ತರ 1

ಬಹಳ ಸಂತೋಷ. ಗದ್ದದ ಕೂದಲು ಒರಟು. ಅದಕ್ಕೆ 12000ದ ಕಲ್ಲು ಬೇಕು, ಇಲ್ಲವಾದರೆ ಬೆಲ್ಜಿಯಮ್ಮಿನ ಹಳದಿ ಕೋಟಿಕ್ಯೂಲ್ ಕಲ್ಲು ಸಿಕ್ಕರೆ ಇನ್ನೂ ಮೃದುವಾದ ಬಾಯಿ ಬರುತ್ತದೆ. ಹೊಸ ಕಲ್ಲು ತರುವ ಮೊದಲು ಚರ್ಮದ ಪಟ್ಟಿಯನ್ನು ಬಿಗಿಯಾಗಿ ಎಳೆದು ಹಿಡಿದು ಐವತ್ತು ಸಲ ಆಡಿಸಿ ನೋಡಿ. ಇಲ್ಲಿ ಕಲ್ಲಿಗೆ ತದ್ವಿರುದ್ಧವಾಗಿ ಬೆನ್ನು ಮುಂದಾಗಬೇಕು. ಪಟ್ಟಿ ಜೋತುಬಿದ್ದರೆ ಬಾಯಿ ದುಂಡಗಾಗುತ್ತದೆ. ನಮ್ಮ ಹಿರಿಯರು ಕೊನೆಯ ನಾಲ್ಕು ಎಳೆತವನ್ನು ಅಂಗೈ ಮೇಲೆಯೇ ಎಳೆಯುತ್ತಿದ್ದರು, ನಿಮ್ಮ ತಾತನೂ ಹಾಗೆಯೇ ಮಾಡಿರುತ್ತಾರೆ; ಆದರೆ ಅದನ್ನು ನೀವು ಈಗಲೇ ಪ್ರಯತ್ನಿಸಬೇಡಿ. ಕ್ಷೌರ ಮುಗಿದ ಮೇಲೆ ಒರೆಸಿ, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದು ತೊಟ್ಟು ಸವರಿಡಿ. ಮಳೆಗಾಲದಲ್ಲಿ ಒಂದೇ ರಾತ್ರಿಯ ತೇವ ಸಾಕು, ಬಾಯಿಗೆ ತುಕ್ಕು ಹಿಡಿಯಲು.