ಜರ್ಮನ್: ‘ಗೆ’ ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು?

ರಾಗಿಮುದ್ದೆ:
ಜರ್ಮನ್ ಭಾಷೆಯ ಎ2 (ಎರಡನೇ ಹಂತದ) ಪರೀಕ್ಷೆಗೆ ಓದುತ್ತಿದ್ದೇನೆ. ‘ಮಾಡಿದ್ದೇನೆ’ ಥರದ ಭೂತಕಾಲದ ರೂಪಕ್ಕೆ ಕ್ರಿಯಾಪದದ ಕೊನೆಯ ‘ಎನ್’ ತೆಗೆದು, ಮುಂದೆ ‘ಗೆ’, ಹಿಂದೆ ‘ಟ್’ ಸೇರಿಸಿದರೆ ಆಯಿತು ಅಂದುಕೊಂಡಿದ್ದೆ. ಮಾಖೆನ್ (ಮಾಡು) ಗೆಮಾಖ್ಟ್ ಆಯಿತು, ಲೆರ್ನೆನ್ (ಕಲಿ) ಗೆಲೆರ್ನ್ಟ್ ಆಯಿತು. ಆದರೆ ‘ಮೈಸೂರಿನಲ್ಲಿ ಓದಿದ್ದೇನೆ’ ಅನ್ನೋಕೆ ‘ಇಶ್ ಬಿನ್ ಇನ್ ಮೈಸೂರು ಗೆಶ್ಟುಡೀರ್ಟ್’ ಅಂತ ಬರೆದೆ. ಒಂದೇ ಸಾಲಿಗೆ ಎರಡು ಕೆಂಪು ಗೆರೆ! ಗೆಬೆಝೂಖ್ಟ್‌ಗೂ (‘ಭೇಟಿ ಮಾಡಿದ್ದೇನೆ’ ಅನ್ನೋಕೆ ಬರೆದದ್ದು) ಅದೇ ಗತಿ. ಪಟ್ಟಿ ಉರು ಹೊಡೆಯಲೇಬೇಕಾ?

ಫಿಲ್ಟರ್‌ಕಾಫಿ:
ಪಟ್ಟಿ ಬೇಡ ರೀ. ಪದವನ್ನು ಜೋರಾಗಿ ಹೇಳಿ ನೋಡಿ. ಒತ್ತು ಮೊದಲ ಅಕ್ಷರದ ಮೇಲೆ ಬಿದ್ದರೆ ‘ಗೆ’ ಬೇಕು, ಇಲ್ಲದಿದ್ದರೆ ಬೇಡ. ಶ್ಟುಡೀರೆನ್‌ನಲ್ಲಿ ಒತ್ತು ‘ಡೀ’ ಮೇಲಿದೆ, ಅದಕ್ಕೇ ಬರೀ ಶ್ಟುಡೀರ್ಟ್. ಬೆಝೂಖೆನ್‌ನಲ್ಲಿ ‘ಝೂ’ ಮೇಲೆ, ಹಾಗಾಗಿ ಬೆಝೂಖ್ಟ್. ಬೆ, ಫೆರ್, ಎರ್ ಉಪಸರ್ಗಗಳಿಗೆ ಒತ್ತು ಬೀಳುವುದೇ ಇಲ್ಲ.

ಇನ್ನು ಆ ‘ಬಿನ್’. ಅದು ಕನ್ನಡದ ಕಾಟ! ಓದಿದ್ದೇನೆ, ತಿಂದಿದ್ದೇನೆ, ಬಂದಿದ್ದೇನೆ: ನಮಗೆ ಎಲ್ಲಕ್ಕೂ ‘ಇರು’ ಸಾಕು. ಅವರಿಗೆ ಹೆಚ್ಚಿನ ಕಡೆ ‘ಹಾಬೆನ್’ (ಇಂಗ್ಲಿಷಿನ ‘ಹ್ಯಾವ್’ ಥರ) ಬೇಕು. ಪ್ರಯಾಣ, ಚಾರಣದಂಥ ಓಡಾಟಕ್ಕೆ ‘ಝೈನ್’ (ಅಂದರೆ ‘ಇರು’; ‘ಬಿನ್’ ಅದರದೇ ರೂಪ): ಇಶ್ ಬಿನ್ ಗೆರೈಸ್ಟ್, ಪ್ರಯಾಣ ಮಾಡಿದ್ದೇನೆ. ನಿಮ್ಮ ಸಾಲು ‘ಇಶ್ ಹಾಬೆ ಇನ್ ಮೈಸೂರು ಶ್ಟುಡೀರ್ಟ್’ ಆಗಬೇಕಿತ್ತು. ಶ್ಟುಡೀರ್ಟ್ ಅನ್ನು ಕೊನೆಗೆ ಸರಿಯಾಗೇ ಇಟ್ಟಿದ್ದೀರಿ. ಅದನ್ನು ನಮಗೆ ಯಾರೂ ಕಲಿಸಬೇಕಿಲ್ಲ, ಅಲ್ವಾ?

ರಾಗಿಮುದ್ದೆ:
ಐನ್‌ಕೌಫೆನ್‌ನಲ್ಲಿ (ಸಾಮಾನು ಕೊಳ್ಳೋದು) ಒತ್ತು ‘ಐನ್’ ಮೇಲಿದೆ. ಹಾಗಾದರೆ ಗೆಐನ್‌ಕೌಫ್ಟ್?

ಫಿಲ್ಟರ್‌ಕಾಫಿ:
ಅಲ್ಲ. ‘ಐನ್’ ಕಿತ್ತು ಬರುವ ತುಂಡು. ‘ಇಶ್ ಕೌಫೆ ಐನ್’ ಅಂತೀವಲ್ಲ? ಅದನ್ನು ಪಕ್ಕಕ್ಕಿಟ್ಟು ಗೆಕೌಫ್ಟ್ ಮಾಡಿ, ಆಮೇಲೆ ಮುಂದೆ ಅಂಟಿಸಿ. ಐನ್‌ಗೆಕೌಫ್ಟ್.

ಹಳೇಸೈಕಲ್:
ಆಂಟ್‌ವೊರ್ಟೆನ್ (ಉತ್ತರಿಸು) ಬಗ್ಗೆ ಹುಷಾರು. ‘ಆಂಟ್’ ನೋಡೋಕೆ ‘ಐನ್’ ಥರಾನೇ ಇದೆ. ನಾನು ಎಷ್ಟೋ ದಿನ ಆಂಟ್‌ಗೆವೊರ್ಟೆಟ್ ಅಂತ ಧೈರ್ಯವಾಗಿ ಹೇಳಿಕೊಂಡು ಓಡಾಡಿದೆ. ಅದು ಕಿತ್ತು ಬರೋದಿಲ್ಲ. ಸರಿಯಾದ್ದು ಗೆಆಂಟ್‌ವೊರ್ಟೆಟ್. ಅದೇ ಬೆಆಂಟ್‌ವೊರ್ಟೆನ್ ಆದರೆ ಒತ್ತು ಹಿಂದಕ್ಕೆ ಸರಿಯುತ್ತೆ, ‘ಗೆ’ ಬಿದ್ದುಹೋಗುತ್ತೆ: ಬೆಆಂಟ್‌ವೊರ್ಟೆಟ್. ಕೊನೆಗೆ ‘ಟ್’ ಬದಲು ‘ಎಟ್’ ಯಾಕೆ ಅಂದರೆ, ಧಾತುವೇ ‘ಟ್’ಗೆ ಮುಗಿದಿದೆ. ಮೇಲೊಂದು ‘ಟ್’ ಬಂದರೆ ಕೇಳಿಸೋದೇ ಇಲ್ಲ. ಆರ್ಬೈಟೆನ್ (ಕೆಲಸ ಮಾಡು) ಕೂಡ ಹಾಗೇ, ಗೆಆರ್ಬೈಟೆಟ್.

ರಾಗಿಮುದ್ದೆ:
‘ಇಶ್ ಹಾಬೆ ಗೆಸ್ಟರ್ನ್ ಮೈನೆ ಓಮಾ ಬೆಝೂಖ್ಟ್ ಉಂಟ್ ರಾಗಿ ಐನ್‌ಗೆಕೌಫ್ಟ್.’ ನಿನ್ನೆ ಅಜ್ಜಿಯನ್ನು ನೋಡಿಕೊಂಡು, ರಾಗಿ ತಂದೆ. ಸರಿನಾ?

ಫಿಲ್ಟರ್‌ಕಾಫಿ:
ಪಕ್ಕಾ. ಈಗ ‘ಏನಾಯ್ತು?’ ಅಂತ ಕೇಳೋದನ್ನೂ ಕಲಿತುಬಿಡಿ: ವಾಸ್ ಇಸ್ಟ್ ಪಸೀರ್ಟ್? ‘ಗೆ’ನೂ ಇಲ್ಲ, ‘ಹಾಬೆನ್’ ಕೂಡ ಇಲ್ಲ (‘ಇಸ್ಟ್’ ಕೂಡ ‘ಝೈನ್’ ರೂಪವೇ).