ಬಾವಿ ತೋಡಿದ ಕರಿಕಲ್ಲು ಸ್ಲ್ಯಾಬಿಗೆ ಬರತೈತೇನು?

ಇಂಡಿ ತಾಲೂಕಿನವ: ಹೊಲದಾಗ ಬಾವಿ ತೋಡಿಸೀವ್ರಿ. ಕರಿಕಲ್ಲಿನ ದೊಡ್ಡ ಗುಂಪಿ ಬಿದ್ದೈತಿ. ಖಡಿ ಮಷೀನಿಗೆ ಹಾಕಿಸಿ ಹೊಸ ಮನಿ ಸ್ಲ್ಯಾಬಿಗೆ ಬಳಸೋಣು, ಉಳಿದದ್ದು ಗೋಡಿಗೆ ಅಂತ ನಮ್ಮಪ್ಪಾರ ವಿಚಾರ. ಗೌಂಡಿ ಬ್ಯಾಡ ಅಂತಾನ. ಕೆಲವು ಕಲ್ಲಿನಾಗ ಸಣ್ಣ ತೂತದಾವು, ತೂತಿನಾಗ ಬಿಳಿ ಹಳ್ಳು ತುಂಬ್ಯಾವು. ಯಾರ ಮಾತು ಕೇಳೂದು?

ವಿಜಯಪುರ ನಮ್ಮೂರು: ಅಪ್ಪಾರ ಮಾತ ಖರೆ. ಗೋಳಗುಮ್ಮಟದ ಗೋಡಿ ಇದ ಕರಿಕಲ್ಲು. 1656ರಿಂದ ಬಿಸಲು ಮಳಿ ತಿಂದು ನಿಂತೈತಿ. ನಿಮ್ಮ ಮನಿ ನಿಲ್ಲೂದಿಲ್ಲೇನು?

ಸೈಟ್ ಎಂಜಿನಿಯರ್: ಗೌಂಡಿ ಹೇಳಿದ್ದರಲ್ಲಿ ತೂಕ ಇದೆ. ಗುಮ್ಮಟ ಕಟ್ಟಿದವರು ಬಾವಿ ಗುಂಪಿಯಿಂದ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿರಲಿಲ್ಲ. ಗಟ್ಟಿ ಪದರದ ಕಲ್ಲು ಆರಿಸಿ, ಕಡೆದು, ಸುಮಾರು ಮೂರು ಮೀಟರ್ ದಪ್ಪದ ಗೋಡೆ ಎಬ್ಬಿಸಿದರು. ಮೇಲಿನ ಗುಮ್ಮಟ ಇಟ್ಟಿಗೆ, ಗಾರೆಯದ್ದು. ಅದನ್ನು ತೋರಿಸಿ ಐದಿಂಚಿನ ಸ್ಲ್ಯಾಬಿಗೆ ಧೈರ್ಯ ಹೇಳುವುದು ಸರಿಯಲ್ಲ.

ವಿಜಯಪುರ ನಮ್ಮೂರು: ಹಂಗಾದ್ರ ಜಿಲ್ಲಾದಾಗ ಎಲ್ಲಾ ಖಡಿ ಮಷೀನು ಏನ್ ಒಡೀತಾವ್ರಿ? ಇದ ಕಲ್ಲಲ್ಲ? ರೈಲು ಹಳಿ ಕೆಳಗ ಹಾಕೂದು ಯಾವುದು?

ಧಾರವಾಡದ ಭೂವಿಜ್ಞಾನ ಮೇಷ್ಟ್ರು: ಇಬ್ಬರೂ ಒಂದೇ ಕಲ್ಲಿನ ಬೇರೆ ಬೇರೆ ಭಾಗದ ಬಗ್ಗೆ ಮಾತಾಡುತ್ತಿದ್ದೀರಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ನೆಲ ಬಿರಿದು ಲಾವಾ ಹರಿಯಿತು. ಅದು ಆರಿ ಗಟ್ಟಿಯಾದದ್ದೇ ಈ ಕರಿಕಲ್ಲು, ಅಂದರೆ ಬಸಾಲ್ಟ್. ಒಂದೇ ಸಲವಲ್ಲ, ಒಂದರ ಮೇಲೊಂದು ಹಾಸು. ಈಗ ಉಳಿದಿರುವುದೇ ಸುಮಾರು ಐದು ಲಕ್ಷ ಚದರ ಕಿಲೋಮೀಟರ್. ಅದರ ದಕ್ಷಿಣದ ಅಂಚು ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ ಕಡೆ ಬರುತ್ತದೆ.

ಪ್ರತಿ ಹಾಸಿನ ನಡುವಿನ ಭಾಗ ನಿಧಾನವಾಗಿ ಆರಿ ಒತ್ತಾಗಿರುತ್ತದೆ. ನೀರಿಗಿಂತ ಮೂರು ಪಟ್ಟಿನ ಹತ್ತಿರ ಭಾರ, ಸುತ್ತಿಗೆ ಬಿದ್ದರೆ ಠಣ್ ಅನ್ನುತ್ತದೆ. ಹಳಿಗೆ, ರಸ್ತೆಗೆ, ಅಣೆಕಟ್ಟಿಗೆ ಬೇಕಾದದ್ದು ಅದು. ಕೊಯ್ನಾ ಅಣೆಕಟ್ಟು ನಿಂತಿರುವುದೂ ಅದರ ಮೇಲೆಯೇ. ಹಾಸಿನ ಮೇಲ್ಭಾಗದಲ್ಲಿ ಮಾತ್ರ ಲಾವಾದ ಗಾಳಿ ಹೊರಬರುವ ಮೊದಲೇ ಕಲ್ಲು ಗಟ್ಟಿಯಾಗಿ ಗುಳ್ಳೆ ಉಳಿದುಬಿಟ್ಟಿವೆ. ಆಮೇಲೆ ನೀರು ಹರಿದು ಗುಳ್ಳೆಯೊಳಗೆ ಜಿಯೋಲೈಟ್, ಕ್ಯಾಲ್ಸೈಟ್ ಎಂಬ ಖನಿಜಗಳು, ಕೆಲವೊಮ್ಮೆ ಬೆಣಚಿನ ಜಾತಿಯ ಕಾಲ್ಸೆಡನಿ ತುಂಬಿಕೊಂಡವು. ನಿಮ್ಮ ಬಿಳಿ ಹಳ್ಳು ಇವೇ. ಎರಡು ಹಾಸಿನ ನಡುವೆ ಕೆಂಪು ಮಣ್ಣಿನಂಥ ಪದರವೂ ಸಿಗುತ್ತದೆ. ಬಾವಿ ಇವನ್ನೆಲ್ಲ ಕತ್ತರಿಸಿಕೊಂಡು ಇಳಿಯುತ್ತದೆ, ಹಾಗಾಗಿ ನಿಮ್ಮ ಗುಂಪಿಯಲ್ಲಿ ಎಲ್ಲವೂ ಕಲಸಿಹೋಗಿದೆ.

ಮಲ್ಪೆ: ನಮ್ಮಲ್ಲಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳೂ ಇದೇ ಬಸಾಲ್ಟ್ ಅಲ್ವಾ ಸಾರ್?

ಧಾರವಾಡದ ಭೂವಿಜ್ಞಾನ ಮೇಷ್ಟ್ರು: ಬಹಳ ಕಡೆ ಹಾಗೇ ಬರೆಯುತ್ತಾರೆ. ಆದರೆ ಅದು ರಯೋಲೈಟ್ ಗುಂಪಿನ ಲಾವಾ, ಬಸಾಲ್ಟಿಗಿಂತ ಸಿಲಿಕಾ ಹೆಚ್ಚು. ವಯಸ್ಸು ಸುಮಾರು 8.8 ಕೋಟಿ ವರ್ಷ. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ್ದು. ಆರುವಾಗ ಕುಗ್ಗಿ ಸೀಳುವುದರಿಂದ ಎರಡರಲ್ಲೂ ಕಂಬ ಮೂಡುತ್ತವೆ. ಕಪ್ಪು ಗ್ರಾನೈಟ್ ಅಂತ ಮಾರುವ ಚಾಮರಾಜನಗರದ ಕಲ್ಲಿನದು ಬೇರೆ ಕಥೆ. ಅದು ಡಾಲರೈಟ್, ಬಸಾಲ್ಟಿನದೇ ರಾಸಾಯನಿಕ ಗುಣ, ನೆಲದೊಳಗಿನ ಸೀಳಿನಲ್ಲಿ ನಿಧಾನ ಆರಿದ್ದು. ಅದಕ್ಕೇ ಅಷ್ಟು ಪಾಲಿಶ್ ಬರುತ್ತದೆ.

ಸೈಟ್ ಎಂಜಿನಿಯರ್: ಇಂಡಿಯವರಿಗೆ ಮರಳೋಣ. ತೂತಿನ ಕಲ್ಲು ನೀರು ಕುಡಿಯುತ್ತದೆ, ಕಾಂಕ್ರೀಟಿನ ನೀರಿನ ಲೆಕ್ಕ ತಪ್ಪುತ್ತದೆ. ಕಾಲ್ಸೆಡನಿಯಂಥದ್ದು ಸಿಮೆಂಟಿನ ಕ್ಷಾರದ ಜೊತೆ ಸೇರಿ ವರ್ಷಗಳ ಮೇಲೆ ಉಬ್ಬಿ ಬಿರುಕು ತರಬಲ್ಲದು. ಇನ್ನೊಂದು, ಒತ್ತಾದ ಕರಿಕಲ್ಲನ್ನೂ ಸಾದಾ ಜಾ ಕ್ರಶರಿನಲ್ಲಿ (ದವಡೆಯಂತೆ ಅಗಿದು ಒಡೆಯುವ ಮಷೀನು) ಒಡೆದರೆ ಚಪ್ಪಟೆ ಚಕ್ಕೆ ಜಾಸ್ತಿ ಬರುತ್ತದೆ. ಖಡಿ ಗುಂಡಗೆ, ಚೌಕಾಗಿ ಇರಬೇಕು. ಸ್ಲ್ಯಾಬಿಗೆ ಹಾಕುವ ಮೊದಲು ಲ್ಯಾಬಿನಲ್ಲಿ ನೀರು ಹೀರಿಕೆ, ಇಂಪ್ಯಾಕ್ಟ್, ಕ್ರಶಿಂಗ್ ಪರೀಕ್ಷೆ ಮಾಡಿಸಿ. ರಸ್ತೆಯಂಥ ಸವೆಯುವ ಕಾಂಕ್ರೀಟಿಗೆ ಕ್ರಶಿಂಗ್ ವ್ಯಾಲ್ಯೂ, ಅಂದರೆ ಒತ್ತಡಕ್ಕೆ ಪುಡಿಯಾಗುವ ಖಡಿಯ ಪಾಲು, 30% ದಾಟಬಾರದು ಅಂತ ಖಡಿ, ಮರಳಿನ ಭಾರತೀಯ ಮಾನಕ ಐಎಸ್ 383 ಹೇಳುತ್ತದೆ. ಮನೆಗೂ ಅದರೊಳಗೇ ಇದ್ದರೆ ನಾನು ಒಪ್ಪುತ್ತೇನೆ.

ಸಿಂದಗಿ ಅಕ್ಕ: ಗೋಡಿ ಬಗ್ಗೆ ಯಾರೂ ಮಾತಾಡವಲ್ರಿ. ಒಂಬತ್ತಿಂಚಿನ ಕಲ್ಲಿನ ಗೋಡಿ ಹಗಲೆಲ್ಲ ಕಾದು ರಾತ್ರಿ ಒಳಗ ಝಳ ಬಿಡತೈತಿ. ಹಳೇ ಮಾಳಿಗಿ ಮನಿ ತಂಪಿದ್ದದ್ದು ಎರಡೆರಡು ಫೂಟು ಗೋಡಿ, ನಡುವ ಮಣ್ಣು, ಮ್ಯಾಲ ಮಣ್ಣಿನ ಮಾಳಿಗಿ ಇತ್ತಂತ. ಬರೇ ಕಲ್ಲು ನೋಡಿ ಆಸೆ ಮಾಡಬ್ಯಾಡ್ರಿ. ಅಡಗಿ ಮನಿ ಪಡುವಣಕ್ಕಿದ್ರಂತೂ ಸಂಜೀಕ ಒಳಗ ನಿಲ್ಲಾಕ ಆಗೂದಿಲ್ಲ.

ವಿಜಯಪುರ ನಮ್ಮೂರು: ಅಕ್ಕಾರ ಮಾತು ಒಪ್ಪತೇನ್ರಿ. ಆದ್ರ ಎದ್ದ ಕಲ್ಲು ಬಿಟ್ಟು ಮತ್ತೊಂದು ಗುಡ್ಡ ಒಡಿಸಿ ಖಡಿ ತರೂದು ನನಗ ಸರಿ ಕಾಣೂದಿಲ್ಲ. ಖಣಿ ಬಿಟ್ಟುಹ್ವಾದ ಗುಂಡಿ ಊರೂರಿಗೆ ನೋಡೀವಿ.

ಬೀದರಿನಿಂದ: ತೂತಿನ ಕಲ್ಲನ್ನ ಕಂಡು ಮುಖ ತಿರುಗಿಸಬ್ಯಾಡ್ರಿ. ಬಾವಿಗೆ ನೀರು ಕೊಡೋದು ಹೆಚ್ಚಾಗಿ ಆ ತೂತಿನ ಪದರ, ಮತ್ತ ಬಂಡೆಯ ಸೀಳು. ಒತ್ತು ಬಂಡೆ ಒಣ ಇರ್ತದ. ನಮ್ಮಲ್ಲಿ ಜಂಬಿಟ್ಟಿಗೆಯೊಳಗ ಇಳಿದ ನೀರು ಕೆಳಗಿನ ಕರಿಕಲ್ಲು ತಡೆದು ನಿಲ್ತದ. ಅದನ್ನ ತಿಳಕೊಂಡೇ ಬಹಮನಿ ಕಾಲದಾಗ ಆ ಸಂದಿನಾಗ ಕರೇಜ್ ಅನ್ನೋ ನೀರಿನ ಸುರಂಗ ಕೊರೆದ್ರು.

ಇಂಡಿ ತಾಲೂಕಿನವ: ಹಂಗಾದ್ರ ಬಾವಿಯೊಳಗ ಆ ತೂತಿನ ಪದರಕ್ಕ ಸಿಮೆಂಟ್ ಬಳಿಸಬಾರದಲ್ರಿ? ಗೌಂಡಿ ಪೂರ್ತಿ ಬಳೀತೀನಿ ಅಂದಿದ್ದ.

ಧಾರವಾಡದ ಭೂವಿಜ್ಞಾನ ಮೇಷ್ಟ್ರು: ಬೇಡವೇ ಬೇಡ, ಊಟೆ ಮುಚ್ಚಿಹೋಗುತ್ತದೆ. ಮೇಲಿನ ಎರೆಮಣ್ಣು, ಗರಸು ಕುಸಿಯದಂತೆ ಅಷ್ಟಕ್ಕೇ ಕಲ್ಲು ಕಟ್ಟಿಸಿ. ಮನೆಯ ಬುನಾದಿಯೂ ಎರೆಮಣ್ಣು ದಾಟಿ ಗರಸಿಗೆ ಕೂತಿರಲಿ. ಆ ಮಣ್ಣೂ ಇದೇ ಕಲ್ಲು ಕೊಳೆತು ಆದದ್ದು, ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ.

ಸೈಟ್ ಎಂಜಿನಿಯರ್: ಗುಂಪಿಯನ್ನು ಮೂರು ಭಾಗ ಮಾಡಿಸಿ. ಠಣ್ ಅನ್ನುವ ಒತ್ತುಕಲ್ಲು ಬುನಾದಿಗೆ. ಪರೀಕ್ಷೆ ಪಾಸಾದರೆ ಖಡಿಗೂ ಸರಿ. ತೂತಿನದು ಹೊಲದ ಒಡ್ಡಿಗೆ, ಹಿತ್ತಲ ಪೌಳಿಗೆ. ಕೆಂಪು, ಪುಡಿಯಾಗುವ ಕಲ್ಲನ್ನು ಕಟ್ಟಡದ ಹತ್ತಿರ ತರಬೇಡಿ.

ಇಂಡಿ ತಾಲೂಕಿನವ: ನಾಳೆ ಅಪ್ಪಾರನ್ನೂ ಗೌಂಡಿನೂ ಕೂಡಿಸಿ ಗುಂಪಿ ಬೇರೆ ಮಾಡಸ್ತೀನ್ರಿ. ಲ್ಯಾಬಿಗೆ ಎಷ್ಟು ಕಲ್ಲು ಒಯ್ಯಬೇಕು?

ಸೈಟ್ ಎಂಜಿನಿಯರ್: ಮೊದಲು ಲ್ಯಾಬಿಗೆ ಫೋನ್ ಮಾಡಿ ಕೇಳಿಕೊಳ್ಳಿ. ಒಂದೇ ಚಲೋ ಕಲ್ಲು ಆರಿಸಿ ಒಯ್ಯಬೇಡಿ. ಒತ್ತುಕಲ್ಲಿನ ಗುಂಪಿಯ ನಾಲ್ಕೂ ಕಡೆಯಿಂದ ತೆಗೆದು ಕಲಸಿ ಒಯ್ಯಿರಿ.