ಹಡಗಿನಲ್ಲಿ ಅಷ್ಟು ದಿನ ಸುಮ್ನೆ ಕೂತಿರೋಕೆ ಆಗುತ್ತಾ?

ಗಾಂಧಿಬಜಾರ್ ವಾಸಿ:
ನನಗೆ 67, ನಮ್ಮನೆಯವರಿಗೆ 63. ಬಾರ್ಸಿಲೋನಾದಿಂದ ಮಯಾಮಿಗೆ ಹೋಗುವ ಕ್ರೂಸ್ ಬುಕ್ ಮಾಡಿಕೊಡುತ್ತೇನೆ ಅಂತ ಮಗ ಹೇಳುತ್ತಿದ್ದಾನೆ. ಅಟ್ಲಾಂಟಿಕ್ ದಾಟುವಾಗ ವಾರದ ಹತ್ತಿರ ನೆಲವೇ ಕಾಣುವುದಿಲ್ಲವಂತೆ. ನಾನೋ ಬೆಳಗ್ಗೆ ಲಾಲ್‌ಬಾಗ್, ಆಮೇಲೆ ಬ್ಯಾಂಕು, ತರಕಾರಿ ಅಂತ ಓಡಾಡಿಕೊಂಡಿರುವವನು. ಬೋರ್ ಆಗಲ್ವಾ? ಇವರಂತೂ ಆಗಲೇ ತಯಾರು. ಹೋಗಿ ಬಂದವರು ಹೇಳಿ. ಊಟ, ವಾಂತಿ, ಖರ್ಚು, ಎಲ್ಲಾ.

ಜಯನಗರದ ಅಜ್ಜಿ:
ಸರ್, ನಾವು ಇದೇ ದಾರಿಯಲ್ಲಿ ಹೋಗಿದ್ದೆವು. ನಮ್ಮ ಯಜಮಾನರೂ ಹೀಗೇ ರಾಗ ಎಳೆದಿದ್ದರು.

ಜಿಬ್ರಾಲ್ಟರ್ ಹತ್ತಿರ ಒಂದು ಕಡೆ ಸ್ಪೇನ್, ಇನ್ನೊಂದು ಕಡೆ ಮೊರಾಕೊ. ತೀರಾ ಕಿರಿದಾದ ಜಾಗದಲ್ಲಿ ಸಮುದ್ರದ ಅಗಲ 14 ಕಿಲೋಮೀಟರ್ ಅಷ್ಟೇ. ಆಮೇಲೆ ಟೆನೆರಿಫ್ ದ್ವೀಪದಲ್ಲಿ ಇಳಿಸಿದರು. ಸ್ಪೇನಿನಲ್ಲೇ ಎತ್ತರದ ಬೆಟ್ಟ ಅಲ್ಲೇ ಇರುವುದು, 3,715 ಮೀಟರ್. ಅದು ಕಣ್ಮರೆಯಾದ ಮೇಲೆ ನೀರೋ ನೀರು.

ಶುರುವಿನಲ್ಲಿ ಇವರು ಕಾರ್ಯಕ್ರಮದ ಹಾಳೆ ಹಿಡಿದು ಕ್ವಿಜ್, ಭಾಷಣ, ಡ್ಯಾನ್ಸ್ ಕ್ಲಾಸು ಅಂತ ಓಡಿದ್ದೇ ಓಡಿದ್ದು. ಆಮೇಲೆ ತಾವಾಗೇ ಬಾಲ್ಕನಿ ಕುರ್ಚಿಗೆ ಬಂದು ಕೂತು ಹಳೇ ಕಥೆ ತೆಗೆದರು. ಮದುವೆಗೆ ಮುಂಚೆ ಗದಗದಲ್ಲಿ ಕೆಲಸಕ್ಕಿದ್ದಾಗ, ಖಾನಾವಳಿಯ ಖಡಕ್ ರೊಟ್ಟಿ ಅಗಿಯಲಾರದೆ ಅತ್ತಿದ್ದರಂತೆ! ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗೆ ಗೊತ್ತಿರಲಿಲ್ಲ. ಇಲ್ಲಿ ಅಂಥದ್ದು ಹೇಳೋಕೆ ಪುರುಸೊತ್ತೆಲ್ಲಿ? ಕುಕ್ಕರ್ ಕೂಗುತ್ತೆ, ಇಲ್ಲಾ ಕೊರಿಯರ್‌ನವನು ಬೆಲ್ ಹೊಡೀತಾನೆ.

ಇನ್ನೊಂದು ಮಜಾ. ಪಶ್ಚಿಮಕ್ಕೆ ಹೋಗುವುದರಿಂದ ಆಗಾಗ ರಾತ್ರಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ 25 ಗಂಟೆ. ಹೆಚ್ಚಿಗೆ ಸಿಕ್ಕ ಆ ಒಂದು ಗಂಟೆಯನ್ನು ನಾನು ಪೂರ್ತಿ ನಿದ್ದೆ ಮಾಡಿದೆ. ಬೆಳಗ್ಗೆ ತಿಂಡಿಗೆ ಏನು ಅಂತ ಯಾರೂ ನನ್ನನ್ನು ಕೇಳಲಿಲ್ಲ. ನಿಮ್ಮ ಮನೆಯವರು ಯಾಕೆ ತಯಾರಾಗಿದ್ದಾರೆ ಅಂತ ನನಗಂತೂ ಅರ್ಥವಾಯಿತು.

ಊಟಕ್ಕೆ ಸಸ್ಯಾಹಾರ ಅಂತ ಬುಕ್ ಮಾಡುವಾಗಲೇ ಬರೆಸಿ, ಹತ್ತಿದ ದಿನ ಊಟದ ಮನೆಯಲ್ಲಿ ಇನ್ನೊಮ್ಮೆ ಹೇಳಿ. ನಮಗೆ ದಾಲ್, ಪಲ್ಯ ಸಿಕ್ಕಿತು. ಸಾರು ಮಾತ್ರ ಮರೆತುಬಿಡಿ.

ಮಂಗಳೂರು ಮಾಣಿ:
ನಾನು ಹಡಗಿನಲ್ಲಿ ಕೆಲಸ ಮಾಡಿದವನು. ವಾಂತಿ ಬರುವವರು ನಡುಭಾಗದಲ್ಲಿ, ಆದಷ್ಟು ಕೆಳಗಿನ ಮಹಡಿಯಲ್ಲಿ ರೂಮು ತೊಗೊಳ್ಳಿ. ಅಲ್ಲಿ ತೂಗಾಟ ಕಡಿಮೆ. ತಲೆ ತಿರುಗಿದರೆ ಮೊಬೈಲ್ ಬಿಟ್ಟು, ಹೊರಗೆ ಬಂದು ನೀರು ಆಕಾಶ ಸೇರುವ ಕಡೆ ನೋಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿಬಿಡಿ. ಹಡಗಿನ ನೆಟ್‌ವರ್ಕ್‌ಗೆ ಸಿಕ್ಕಿಕೊಂಡರೆ ಬಿಲ್ ನೋಡಿ ನಿಜವಾಗಲೂ ವಾಂತಿ ಬರುತ್ತೆ.

ಬಿಪಿ, ಶುಗರ್ ಇದ್ದರೆ ಇನ್ಶೂರೆನ್ಸ್‌ನಲ್ಲಿ ಮುಚ್ಚಿಡಬೇಡಿ. ಹಡಗಿನ ಡಾಕ್ಟರು ಪುಕ್ಕಟೆ ಅಲ್ಲ. ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆ ರೂಮಿಗೆ ಬರುವುದು ತಡವಾಗಬಹುದು. ಸ್ಪೇನಿಗೆ ಹೋಗೋಕೆ ಷೆಂಗೆನ್ ವೀಸಾ, ಆಮೇಲೆ ಅಮೆರಿಕ ವೀಸಾ, ಎರಡೂ ಬೇಕು. ಬಾರ್ಸಿಲೋನಾಕ್ಕೆ ಒಂದು ದಿನ ಮುಂಚೆಯೇ ಹೋಗಿ. ವಿಮಾನ ತಡವಾಯಿತು ಅಂತ ಹಡಗು ಕಾಯಲ್ಲ.

ಗಾಂಧಿಬಜಾರ್ ವಾಸಿ:
ಇಬ್ಬರಿಗೂ ಥ್ಯಾಂಕ್ಸ್. ನಮ್ಮನೆಯವರಿಗೆ ಓದಿ ಹೇಳಿದೆ. 25 ಗಂಟೆ ಅಂದ ಕೂಡಲೇ ಜೋರಾಗಿ ನಕ್ಕರು. ಅವರದ್ದು ಒಂದೇ ಪ್ರಶ್ನೆ: ಚಿಕ್ಕ ರೈಸ್ ಕುಕ್ಕರ್, ಇಸ್ತ್ರಿಪೆಟ್ಟಿಗೆ ತೊಗೊಂಡು ಹೋಗಬಹುದಾ?

ಮಂಗಳೂರು ಮಾಣಿ:
ಬೇಡ ಸರ್, ಬೆಂಕಿಯ ಭಯಕ್ಕೆ ಎರಡನ್ನೂ ಬಿಡಲ್ಲ. ಹತ್ತುವಾಗಲೇ ಎತ್ತಿಟ್ಟುಕೊಳ್ಳುತ್ತಾರೆ.

ಜಯನಗರದ ಅಜ್ಜಿ:
ಮೇಡಂಗೆ ಹೇಳಿ, ಕುಕ್ಕರ್ ಬಿಟ್ಟು ಹೋಗೋಕೇ ಅಲ್ವಾ ಹೋಗೋದು!